ಚಳಿಗಾಲದಲ್ಲಿ ಡೀಸೆಲ್ ಟ್ರಾಕ್ಟರಿನ ಇಂಜಿನು ಬಡಿಯುವುದು: ಕಾರಣವನ್ನು ಗೊತ್ತುಮಾಡುವ ಕ್ರಮ

ಪೈರು ಕಣಕ್ಕೆ ಬಂದ ಬಳಿಕ ನೆಲದ ಹಸಿ ಆರಿಹೋಗುವುದರೊಳಗಾಗಿ ಮಾಗಿ ಉಳುಮೆಯನ್ನು ಮುಗಿಸತಕ್ಕದ್ದೆಂಬುದು ರೈತರೆಲ್ಲರಿಗೂ ತಿಳಿದ ವಿಷಯವೇ. ಆದಕಾರಣ ಟ್ರಾಕ್ಟರುಳ್ಳ ಹಿಡುವಳಿದಾರರು ಧನುರ್ಮಾಸದ ಚಳಿಯಲ್ಲಿಯೂ ಬೆಳಕು ಹರಿಯುವ ಹೊತ್ತಿಗೇ ಇಂಜಿನನ್ನು ಚಾಲೂ ಮಾಡಿಸುವರು. ಆಗ ಅದರೊಳಗಿನಿಂದ ಅಡಿಗಲ್ಲಿನ ಮೇಲೆ ಸುತ್ತಿಗೆ ಬಿದ್ದಂತೆ ಕಟಕಟನೆ ಬಡಿತವು ಕೇಳಿಬರುವುದುಂಟು. ಇದನ್ನು ಕೇಳಿ ಕೆಲವರು ಬೆದರಿ, ಮೇಸ್ತ್ರಿಯನ್ನು ಕರೆಯಿಸಿ, ನೆಟ್ಟಗಿರುವ ಇಂಜಿನನ್ನು ಬಿಚ್ಚಿಸಿ ಉಳುಮೆಯ ದಿನಗಳನ್ನೂ ಹಣವನ್ನೂ ಕಳೆದುಕೊಳ್ಳುವರು. ಮತ್ತೆ ಕೆಲವರು ಚಳಿಗೆ ಎಲ್ಲ ಇಂಜಿನುಗಳೂ ಹೀಗೆಯೇ ಎಂದು ಉಪೇಕ್ಷಿಸಿ, ಬೇರಿಂಗು ಸವೆದ ಯಂತ್ರವನ್ನು ದುಡಿಸುತ್ತ ಹೋಗಿ, ಕಡೆಗೆ ಕ್ರ್ಯಾಂಕ್ ಷಾಫ್ಟನ್ನೇ ಕೆಡಿಸಿಕೊಳ್ಳುವರು. ಈ ಎರಡು ನಷ್ಟಗಳಲ್ಲಿ ಹಿಂದಿನದಕ್ಕಿಂತ ಮುಂದಿನದು ಬಹಳ ದೊಡ್ಡದು.

ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬಾತನು 1897ರಲ್ಲಿ ನಡೆಯಿಸಿ ತೋರಿಸಿದ ಇಂಜಿನಿನಲ್ಲಿ ಎಣ್ಣೆಗೆ ಬೆಂಕಿ ಹಚ್ಚುವ ಕಿಡಿಯಿರಲಿಲ್ಲ; ಈಗಿನ ಟ್ರಾಕ್ಟರುಗಳಲ್ಲಿಯೂ ಇರುವುದಿಲ್ಲ. ಪಿಸ್ಟನ್ನು ಸಿಲಿಂಡರಿನ ಗಾಳಿಯನ್ನು ಸುಮಾರು 16ರಿಂದ 18ರಲ್ಲಿ ಒಂದು ಪಾಲಿಗೆ ಅದುಮುವುದು. ಹಾಗೆ ಅದುಮಿದ ಗಾಳಿಯು 500 ಡಿಗ್ರಿ ಸೆಂಟಿಗ್ರೇಡಿಗೂ ಮೇಲ್ಪಟ್ಟು ಕಾಯುವುದು. ಆ ಗಾಳಿಯೊಳಕ್ಕೆ ಸಿಂಪಡಿಸಲ್ಪಟ್ಟ ಡೀಸೆಲ್ ಎಣ್ಣೆಯು ತಾನಾಗಿಯೇ ಹೊತ್ತಿಕೊಳ್ಳುವುದು. ಆದರೆ ಬಿದ್ದ ಕೂಡಲೇ ಹೊತ್ತಿಕೊಳ್ಳುವುದಿಲ್ಲ; ಹನಿಯು ಕಾದು, ಆವಿಯಾಗಿ, ಗಾಳಿಯೊಡನೆ ಬೆರೆಯುವುದಕ್ಕೆ ಅತ್ಯಲ್ಪವಾದ ಕಾಲ ಹಿಡಿಯುವುದು. ಈ ವಿಳಂಬವು ಹೆಚ್ಚಿದಲ್ಲಿ ಅಷ್ಟರೊಳಗೆ ಹೆಚ್ಚು ಎಣ್ಣೆಯು ಶೇಖರವಾಗಿ, ಎಲ್ಲವೂ ಒಮ್ಮೆಗೇ ಉರಿದು ಪಿಸ್ಟನ್ನನ್ನು ಗುದ್ದುವುದು. ಬಡಿತವೆಂದು ಕಿವಿಗೆ ಬೀಳುವುದು ಈ ಗುದ್ದೇ.

ಚಳಿಯಲ್ಲಿ ಈ ವಿಳಂಬವು ಹೆಚ್ಚುವುದು ಸಹಜ. ಒಳಹೊಗುವ ಗಾಳಿಯು ಮಧ್ಯಾಹ್ನದ ಗಾಳಿಗಿಂತ 20 ಡಿಗ್ರಿ ತಣ್ಣಗಿದ್ದರೆ, ಅದುಮಿದ ಮೇಲೆ ಆ ವ್ಯತ್ಯಾಸವು 50 ಡಿಗ್ರಿಯಷ್ಟಾಗುವುದು. ಇದಲ್ಲದೆ ತಣ್ಣಗಿರುವ ಸಿಲಿಂಡರಿನ ಗೋಡೆಗಳು ಶಾಖವನ್ನು ಹೀರುವುವು. ಇಂಜಿನ್ ಆಯಿಲ್ ಗಟ್ಟಿಯಾಗಿ, ಬ್ಯಾಟರಿಯ ಬಲವೂ ಕುಗ್ಗಿ, ಇಂಜಿನು ನಿಧಾನವಾಗಿ ತಿರುಗುವುದು. ಹೀಗಿರುವಲ್ಲಿ ಚಾಲೂ ಮಾಡಿದ ಮೊದಲ ಕೆಲವು ನಿಮಿಷಗಳು ಸ್ವಲ್ಪ ಬಡಿತವೂ ಬಿಳಿಯ ಹೊಗೆಯೂ ಕಂಡುಬಂದು, ಇಂಜಿನು ಕಾದಂತೆಲ್ಲ ಎರಡೂ ನಿಂತುಹೋದರೆ ಅದನ್ನು ರೋಗವೆಂದು ಭಾವಿಸತಕ್ಕದ್ದಲ್ಲ.

ಆದುದರಿಂದ ಮೊದಲು ನಿಶ್ಚಯಿಸಬೇಕಾದುದು ಇದು ಉರಿಯ ಬಡಿತವೋ ಸವೆತದ ಬಡಿತವೋ ಎಂಬುದನ್ನು. ಉರಿಯ ಬಡಿತವು ತೀಕ್ಷ್ಣವಾದ ಲೋಹದ ಶಬ್ದ, ಇಂಜಿನಿನ ತಲೆಯ ಕಡೆಯಿಂದ ಬರುವುದು, ಕಾದಂತೆ ಕಡಮೆಯಾಗುವುದು. ಬೇರಿಂಗಿನ ಬಡಿತವು ಮಂದವಾದ ಗುದ್ದಿನಂತಿದ್ದು ಕೆಳಗಿನಿಂದ ಬರುವುದು. ನೇಗಿಲು ನೆಲಕ್ಕಿಳಿದು ಭಾರ ಬಿದ್ದಾಗ ಬಲಿಯುವುದು. ಇದಕ್ಕಿಂತಲೂ ಮುಖ್ಯವಾದ ಗುರುತೆಂದರೆ, ಇಂಜಿನ್ ಆಯಿಲು ಕಾದು ತೆಳುವಾದಂತೆ ಈ ಬಡಿತವು ಹೆಚ್ಚುವುದು, ಆಯಿಲಿನ ಒತ್ತಡವನ್ನು ತೋರಿಸುವ ಮುಳ್ಳು ಇಳಿಯುವುದು. ಬೆಳಗ್ಗೆ ಬಡಿದು ಹತ್ತು ಗಂಟೆಗೆ ಸುಮ್ಮನಾಗುವ ಇಂಜಿನಿಗಿಂತ, ಬೆಳಗ್ಗೆ ಸುಮ್ಮನಿದ್ದು ಹತ್ತು ಗಂಟೆಗೆ ಬಡಿಯತೊಡಗುವ ಇಂಜಿನಿಗೆ ಹೆಚ್ಚು ಭಯಪಡತಕ್ಕದ್ದು. ಮುಳ್ಳು ಇಳಿದು ಕೆಳಗಿನಿಂದ ಗುದ್ದು ಕೇಳಿಸಿದರೆ ಸಾಲಿನ ಕೊನೆಯವರೆಗೂ ಹೋಗದೆ, ಇದ್ದಲ್ಲಿಯೇ ನಿಲ್ಲಿಸಬೇಕು.

ಇವೆರಡರ ನಡುವೆ ಮೋಸಗೊಳಿಸುವ ಶಬ್ದವೊಂದುಂಟು. ಸವೆದ ಸಿಲಿಂಡರಿನಲ್ಲಿ ಪಿಸ್ಟನ್ನು ಅತ್ತಿತ್ತ ಒರಗಿ ಹೊಡೆಯುವಾಗ ಟೊಳ್ಳು ಶಬ್ದವಾಗುವುದು. ಕಾದು ಹಿಗ್ಗಿದ ಪಿಸ್ಟನ್ನು ಸಂದನ್ನು ತುಂಬುವುದರಿಂದ ಇದೂ ಬಿಸಿಗೆ ಅಡಗುವುದು. ಹೀಗಾದುದರಿಂದ ಇದನ್ನು ಉರಿಯ ಬಡಿತವೆಂದು ತಿಳಿಯುವವರು ಬಹಳ. ಆಯಿಲು ಹೆಚ್ಚು ಖರ್ಚಾಗುತ್ತಿದ್ದು, ನೀಲಿಯ ಹೊಗೆಯೂ ಇದ್ದರೆ ಇದನ್ನು ಶಂಕಿಸಬಹುದು.

ಯಾವ ಸಿಲಿಂಡರು ಬಡಿಯುತ್ತಿದೆಯೆಂಬುದನ್ನು ತಿಳಿಯಲು ಉದ್ದವಾದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನಿಗೂ ಹಿಡಿಯನ್ನು ಕಿವಿಗೂ ಇಟ್ಟು, ಸಿಲಿಂಡರಿನಿಂದ ಸಿಲಿಂಡರಿಗೆ ಸರಿಯುತ್ತ ಕೇಳಬೇಕು. ಹೀಗೆ ಬಗ್ಗುವವನು ಹೊದೆದ ಕಂಬಳಿಯನ್ನು ಮೊದಲು ತೆಗೆದಿಡತಕ್ಕದ್ದು; ಅದರ ಸೆರಗು ಫ್ಯಾನಿಗೆ ಸಿಕ್ಕಿದರೆ ಪ್ರಾಣಕ್ಕೇ ಅಪಾಯ. ಬಳಿಕ ಇಂಜಿನು ಮೆಲ್ಲಗೆ ಓಡುತ್ತಿರುವಾಗ ಒಂದು ಇಂಜೆಕ್ಟರಿಗೆ ಬರುವ ನಳಿಗೆಯ ನಟ್ಟನ್ನು ಅರ್ಧ ಸುತ್ತು ಸಡಿಲಿಸಿದರೆ ಆ ಸಿಲಿಂಡರಿಗೆ ಎಣ್ಣೆ ನಿಲ್ಲುವುದು. ಶಬ್ದವು ಪೂರ್ತಿಯಾಗಿ ಅಡಗಿದರೆ ದೋಷವು ಆ ಸಿಲಿಂಡರಿನ ಉರಿಯಲ್ಲಿದೆ. ಕುಗ್ಗಿಯೂ ಉಳಿದರೆ ಅದೇ ಸಿಲಿಂಡರಿನ ಪಿಸ್ಟನ್ನು ಇಲ್ಲವೆ ಕನೆಕ್ಟಿಂಗ್ ರಾಡಿನ ಬೇರಿಂಗನ್ನು ಸಂದೇಹಿಸಬೇಕು. ಎಲ್ಲ ಸಿಲಿಂಡರುಗಳನ್ನೂ ಒಂದೊಂದಾಗಿ ನಿಲ್ಲಿಸಿದರೂ ಬದಲಾಗದಿದ್ದರೆ ಕಾರಣವು ಬೇರೆ ಕಡೆಯಿರುವುದು.

ನಳಿಗೆಯೊಳಗಿನ ಒತ್ತಡವು ಚದರಂಗುಲಕ್ಕೆ ಸಾವಿರಾರು ಪೌಂಡುಗಳಿರುವುದರಿಂದ ಚಿಮ್ಮುವ ಎಣ್ಣೆಯು ಚರ್ಮವನ್ನು ತೂರಿ ಒಳಸೇರಬಲ್ಲುದು. ಗಾಯವು ಸಾಸಿವೆಯಷ್ಟಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ನಟ್ಟಿನ ಮೇಲೆ ದಪ್ಪ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕವಿಟ್ಟು, ಕೈಯನ್ನು ದೂರವಿಟ್ಟೇ ಈ ಕೆಲಸ ಮಾಡತಕ್ಕದ್ದು. ಎಣ್ಣೆಯನ್ನು ವಿದ್ಯುತ್ತಿನಿಂದ ಹತೋಟಿಯಲ್ಲಿಡುವ ಕಾಮನ್ ರೈಲ್ ಇಂಜಿನುಗಳಲ್ಲಿ ಒತ್ತಡವು ಇದರ ಹಲವು ಪಾಲು. ಭಾರತದಲ್ಲಿ 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರಾಕ್ಟರುಗಳಿಗೆ 2023ರಿಂದ ಹೊಗೆಯ ಕಟ್ಟುಪಾಡು ಬಿಗಿಯಾದಂದಿನಿಂದ ಇಂಥವು ಹೆಚ್ಚಾಗಿವೆ. ಇವುಗಳಲ್ಲಿ ಓಡುವ ಇಂಜಿನಿನ ನಟ್ಟನ್ನು ಯಾರೂ ಮುಟ್ಟಕೂಡದು.

ದೋಷವು ಒಂದೇ ಸಿಲಿಂಡರಿನ ಉರಿಯಲ್ಲಿದೆಯೆಂದು ಗೊತ್ತಾದರೆ, ಇಂಜಿನನ್ನು ನಿಲ್ಲಿಸಿ, ಆ ಇಂಜೆಕ್ಟರನ್ನು ಪಕ್ಕದ ಸಿಲಿಂಡರಿನದಕ್ಕೆ ಅದಲುಬದಲು ಮಾಡಿ ನೋಡಬೇಕು. ಬಡಿತವು ಇಂಜೆಕ್ಟರನ್ನು ಹಿಂಬಾಲಿಸಿ ಹೋದರೆ ಅದರ ನಾಜಲು ಸಿಂಪಡಿಸದೆ ತೊಟ್ಟಿಕ್ಕುತ್ತಿದೆಯೆಂದು ತಿಳಿಯತಕ್ಕದ್ದು. ಇದಕ್ಕೆ ತಗಲುವ ಖರ್ಚು ಹೊಸ ತಾಮ್ರದ ವಾಷರುಗಳಿಗಷ್ಟೇ. ಬಡಿತವು ಹಿಂದಿನ ಸಿಲಿಂಡರಿನಲ್ಲಿಯೇ ಉಳಿದರೆ ರಿಂಗು ಅಥವಾ ವಾಲ್ವುಗಳಿಂದ ಗಾಳಿಯು ಸೋರುತ್ತಿರಬಹುದು.

ಎಲ್ಲ ಸಿಲಿಂಡರುಗಳೂ ಒಂದೇ ಸಮನಾಗಿ ಬಡಿಯುತ್ತಿದ್ದರೆ ಕಾರಣವು ಎಲ್ಲಕ್ಕೂ ಸಾಮಾನ್ಯವಾದುದರಲ್ಲಿರಬೇಕು. ಪಂಪನ್ನು ಇತ್ತೀಚೆಗೆ ಬಿಚ್ಚಿ ಕಟ್ಟಿದ್ದರೆ ಎಣ್ಣೆಯು ಸಕಾಲಕ್ಕಿಂತ ಮುಂಚಿತವಾಗಿ ಬೀಳುತ್ತಿರುವ ಸಂಭವವುಂಟು. ಡೀಸೆಲಿಗೆ ಸೀಮೆಎಣ್ಣೆ ಬೆರೆಸಿದರೂ ಹೊತ್ತಿಕೊಳ್ಳುವ ಗುಣವು ತಗ್ಗುವುದು. ಗ್ಲೋ ಪ್ಲಗ್ಗುಗಳುಳ್ಳ ಯಂತ್ರದಲ್ಲಿ ಅವು ಕಾಯುತ್ತಿವೆಯೇ ಎಂದು ನೋಡಬೇಕು.

ಆದರೆ ದಿನವಿಡೀ ಬಡಿಯುವ ಅನೇಕ ಇಂಜಿನುಗಳಲ್ಲಿ ಕಂಡುಬರುವ ಕಾರಣವು ಇನ್ನೊಂದು. ಬೇಸಗೆಯಲ್ಲಿ ಇಂಜಿನು ಕಾದಿತೆಂದು ಥರ್ಮೋಸ್ಟಾಟನ್ನು ಕಿತ್ತುಹಾಕುವ ದುರಭ್ಯಾಸವು ಮೇಸ್ತ್ರಿಗಳಲ್ಲಿ ಹಬ್ಬಿದೆ. ಅದಿಲ್ಲದ ಇಂಜಿನಿನಲ್ಲಿ ನೀರು ರೇಡಿಯೇಟರಿಗೆ ಸದಾ ಹರಿಯುತ್ತಿದ್ದು, ಮಾಗಿಯಲ್ಲಿ ಮಧ್ಯಾಹ್ನವಾದರೂ ತಕ್ಕಷ್ಟು ಕಾಯುವುದಿಲ್ಲ. ಉರಿಯದ ಡೀಸೆಲು ಗೋಡೆಯಿಂದಿಳಿದು ಇಂಜಿನ್ ಆಯಿಲಿಗೆ ಬೆರೆತು ಅದನ್ನು ನೀರಾಗಿಸುವುದು. ಹೀಗೆ ಉರಿಯ ಬಡಿತವೇ ಕಾಲಕ್ರಮದಲ್ಲಿ ಸವೆತದ ಬಡಿತವನ್ನು ಹುಟ್ಟಿಸುವುದು. ಅಳತೆಯ ಕಡ್ಡಿಯಲ್ಲಿ ಆಯಿಲಿನ ಮಟ್ಟವು ಇಳಿಯುವ ಬದಲು ಏರಿದ್ದು, ಡೀಸೆಲಿನ ವಾಸನೆ ಬಂದರೆ ಇದು ಖಂಡಿತವಾಗಿ ನಡೆಯುತ್ತಿದೆ. ಥರ್ಮೋಸ್ಟಾಟು ಇದ್ದಲ್ಲಿ ಅದನ್ನು ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿ ಪರೀಕ್ಷಿಸಬಹುದು. ತಣ್ಣಗಿರುವಾಗ ಮುಚ್ಚಿದ್ದು, ನೀರು ಕುದಿಯುವುದಕ್ಕೆ ಮೊದಲು ತೆರೆದುಕೊಂಡರೆ ಅದು ಸರಿಯಾಗಿದೆ.

ಇಂಜಿನು ಏಳಲಿಲ್ಲವೆಂದು ಗಾಳಿಯ ಬಾಯಿಗೆ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ಹಿಡಿಯುವುದೂ ಈಥರ್ ಚಿಮುಕಿಸುವುದೂ ಕೂಡದು. ಅದರಿಂದಾಗುವ ಸ್ಫೋಟಕ್ಕೆ ಪಿಸ್ಟನ್ ರಿಂಗುಗಳು ತುಂಡಾಗುವುವು. ಚಾಲೂ ಆದ ಮೇಲೆ ನಾಲ್ಕೈದು ನಿಮಿಷ ಸ್ವಲ್ಪ ವೇಗ ಕೊಟ್ಟು ಓಡಿಸಿ, ಅನಂತರ ಹಗುರವಾದ ಕೆಲಸಕ್ಕೆ ಹೂಡಬೇಕು. ಗಂಟೆಗಟ್ಟಲೆ ನಿಂತಲ್ಲಿಯೇ ಓಡಿಸಿದರೆ ಇಂಜಿನು ಕಾಯುವುದೂ ಇಲ್ಲ.

ಮೇಸ್ತ್ರಿಯನ್ನು ಕರೆಯಿಸಲೇಬೇಕಾದ ಪಕ್ಷದಲ್ಲಿ, ಬಡಿತವು ತಣ್ಣಗಿರುವಾಗಲೋ ಬಿಸಿಯಲ್ಲಿಯೋ, ಭಾರದಲ್ಲಿಯೋ ಬರಿದೆ ಓಡುವಾಗಲೋ, ಹೊಗೆಯ ಬಣ್ಣವೇನು, ಆಯಿಲಿನ ಮುಳ್ಳು ಎಲ್ಲಿತ್ತು, ಯಾವ ಸಿಲಿಂಡರಿನ ನಟ್ಟು ಸಡಿಲಿಸಿದಾಗ ಶಬ್ದವು ಬದಲಾಯಿತು ಎಂಬಿವನ್ನು ಯಜಮಾನನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಅವನು ಪಾನಾ ಹಿಡಿಯುವುದಕ್ಕೆ ಮೊದಲು ಅವನಿಗೆ ಓದಿ ಹೇಳತಕ್ಕದ್ದು.