ಗಣಿಯೂರಿನವರಿಗೆ ದಾರಿ ಹೇಳುವ ದನಿ

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲುಗಳು ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳನ್ನು ದಾಟಿ ಬಂಗಾರಪೇಟೆಗೆ ಬರುವಷ್ಟರಲ್ಲಿ ತುಂಬಿ ತುಳುಕುತ್ತವೆ. ನಂದಿದುರ್ಗ, ಚಾಂಪಿಯನ್ ರೀಫ್, ಮೈಸೂರು ಮೈನ್ ಎಂದು ಗಣಿಗಳ ಹೆಸರಿನಿಂದಲೇ ಗುರುತಾಗುವ ಕಾಲೊನಿಗಳ ಜನ ಅವುಗಳಲ್ಲಿರುತ್ತಾರೆ. ಇವರ ಅಜ್ಜಂದಿರು ನೆಲದ ಕೆಳಗೆ ದುಡಿದವರು. 1894ರಲ್ಲಿ ಶುರುವಾದ ಬಂಗಾರಪೇಟೆ–ಮಾರಿಕುಪ್ಪಂ ಮಾರ್ಗ ಗಣಿಗಳಿಗಾಗಿಯೇ ಹಾಕಿದ್ದು. ಬಂಗಾರಪೇಟೆಯನ್ನು ಆಗ ಬೌರಿಂಗ್‌ಪೇಟೆ ಎನ್ನುತ್ತಿದ್ದರು. 2001ರ ಫೆಬ್ರುವರಿ 28ರಂದು ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಅಲ್ಲಿಂದೀಚೆಗೆ ಕೋಲಾರ ಗೋಲ್ಡ್ ಫೀಲ್ಡ್ಸ್, ಅಂದರೆ ಕೆಜಿಎಫ್‌ನ ಎಷ್ಟೋ ಮನೆಗಳ ಒಲೆ ಉರಿಯುವುದು ಈ ರೈಲಿನ ಪಾಸ್‌ನಿಂದ.

2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್–ಕೆ.ಆರ್. ಪುರ ನಡುವೆ ಮೆಟ್ರೊ ಶುರುವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದು ಸೇರಿದ ನೇರಳೆ ಮಾರ್ಗ ಪೂರ್ತಿಯಾಯಿತು. ವೈಟ್‌ಫೀಲ್ಡ್ ಮೆಟ್ರೊ ನಿಲ್ದಾಣ ಇರುವುದು ರೈಲು ನಿಲ್ದಾಣದ ಪಕ್ಕದಲ್ಲೇ. ಕೆಜಿಎಫ್‌ನಿಂದ ಬಂದವರು ಅಲ್ಲಿ ಇಳಿದು ಮೆಟ್ರೊ ಹತ್ತಿದೊಡನೆ ಒಂದು ಹೆಣ್ಣುದನಿ ಮುಂದಿನ ನಿಲ್ದಾಣದ ಹೆಸರು ಹೇಳುತ್ತದೆ. ಅವಸರವಿಲ್ಲದ, ಗದರಿಕೆಯಿಲ್ಲದ, ಒಂದಕ್ಷರವೂ ಜಾರದ ಕನ್ನಡ ಅದು. ಆ ದನಿಯ ಒಡತಿ ನಟಿ, ನಿರೂಪಕಿ ಅಪರ್ಣಾ. 2024ರ ಜುಲೈ 11ರಂದು, 57ನೇ ವಯಸ್ಸಿನಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಅವರನ್ನು ನಮ್ಮಿಂದ ಕಿತ್ತುಕೊಂಡಿತು. ಅವರ ಸಾವಿನ ಸುದ್ದಿ ಬಂದಾಗ, ಹೆಸರು ಗೊತ್ತಿಲ್ಲದೆಯೂ ಆ ದನಿಯನ್ನು ದಿನವೂ ಕೇಳುತ್ತಿದ್ದ ಎಷ್ಟೋ ಪ್ರಯಾಣಿಕರಿಗೆ ಅದು ಯಾರದೆಂದು ಮೊದಲ ಸಲ ತಿಳಿಯಿತು.

ಅಪರ್ಣಾ ಬಂದದ್ದು ಸಿನಿಮಾ ಬಾಗಿಲಿನಿಂದ. ನಿರ್ದೇಶಕ ಪುಟ್ಟಣ್ಣ ಕಣಗಾಲ್ ಅವರ ಕೊನೆಯ ಚಿತ್ರ, 1985ರ 'ಮಸಣದ ಹೂವು', ಅಪರ್ಣಾ ಅವರ ಮೊದಲ ಚಿತ್ರ. ಚಿತ್ರೀಕರಣ ಮುಗಿಯುವ ಮೊದಲೇ ಪುಟ್ಟಣ್ಣ ತೀರಿಕೊಂಡರು, ಕೆ.ಎಸ್.ಎಲ್. ಸ್ವಾಮಿ ಅದನ್ನು ಪೂರ್ಣಗೊಳಿಸಿದರು. ಅಂಬರೀಶ್, ಜಯಂತಿಯವರಂಥ ಘಟಾನುಘಟಿಗಳ ಎದುರು ನಿಂತ ಹೊಸ ಹುಡುಗಿಯನ್ನು ಪ್ರೇಕ್ಷಕರು ಮರೆಯಲಿಲ್ಲ. ಆದರೂ ಅಪರ್ಣಾ ನಾಯಕಿಯರ ಓಟದಲ್ಲಿ ಬಹಳ ಕಾಲ ಉಳಿಯಲಿಲ್ಲ. ಅವರ ನಿಜವಾದ ಬಂಡವಾಳ ಕಂಠ ಮತ್ತು ಭಾಷೆ. ಅದಕ್ಕೆ ತಕ್ಕ ಜಾಗ ಸಿಕ್ಕಿದ್ದು ಆಕಾಶವಾಣಿ ಮತ್ತು ದೂರದರ್ಶನದಲ್ಲಿ.

1993ರಲ್ಲಿ ಬೆಂಗಳೂರು ಆಕಾಶವಾಣಿಯ ಎಫ್‌ಎಂ ವಾಹಿನಿಯ ಮೊದಲ ನಿರೂಪಕಿಯಾಗಿ ಅವರು ಮೈಕಿನ ಮುಂದೆ ಕುಳಿತರು. ಖಾಸಗಿ ವಾಹಿನಿಗಳ ಭರಾಟೆ ಇನ್ನೂ ಹಬ್ಬಿರದ ಕಾಲದಲ್ಲಿ ಬೆಂಗಳೂರು ದೂರದರ್ಶನದ ಕಾರ್ಯಕ್ರಮಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದ ಮುಖಗಳಲ್ಲಿ ಅವರದೂ ಒಂದು. 1998ರ ದೀಪಾವಳಿಯಂದು ಎಂಟು ಗಂಟೆ ಕಾಲ ಒಂದೇ ಸಮನೆ ಕಾರ್ಯಕ್ರಮ ನಿರೂಪಿಸಿದ್ದನ್ನು ಇಂದಿಗೂ ದಾಖಲೆಯೆಂದೇ ನೆನೆಯುತ್ತಾರೆ. ಎಂಟು ಗಂಟೆ ನಿಂತು ಮಾತಾಡುವುದಕ್ಕೆ ಗಂಟಲ ಬಲ ಸಾಲದು. ಬಂದ ಅತಿಥಿಯ ಪರಿಚಯ, ಹಾಡಿಗೂ ಹಾಡಿಗೂ ನಡುವಿನ ಕೊಂಡಿ, ತಾಂತ್ರಿಕ ತೊಡಕಾದಾಗ ಹೊತ್ತು ತುಂಬುವ ಮಾತು, ಎಲ್ಲವೂ ನಾಲಗೆಯ ತುದಿಯಲ್ಲಿರಬೇಕು. ಓದಿಕೊಂಡವರಿಗೆ ಮಾತ್ರ ಅದು ಸಾಧ್ಯ. ಸರ್ಕಾರಿ ಸಮಾರಂಭಗಳ ವೇದಿಕೆಗೆ ಅಪರ್ಣಾ ಅನಿವಾರ್ಯ ಎನ್ನಿಸಿದ್ದು ಈ ಸಿದ್ಧತೆಯಿಂದ.

ನಡುವೆ 'ಮೂಡಲಮನೆ', 'ಮುಕ್ತ' ಧಾರಾವಾಹಿಗಳಲ್ಲಿ ನಟಿಸಿದರು. 2013ರಲ್ಲಿ ಕನ್ನಡ ಬಿಗ್ ಬಾಸ್‌ನ ಮೊದಲ ಆವೃತ್ತಿಯ ಮನೆಯೊಳಗಿದ್ದರು. 2015ರಲ್ಲಿ ಆರಂಭವಾದ 'ಮಜಾ ಟಾಕೀಸ್'ನ ವರಲಕ್ಷ್ಮಿ ಪಾತ್ರವಂತೂ ಅಚ್ಚರಿ. ಗಾಂಭೀರ್ಯಕ್ಕೆ ಹೆಸರಾದ ನಿರೂಪಕಿ ಅಲ್ಲಿ ಬಡಾಯಿ ಕೊಚ್ಚುವ ಹೆಂಗಸಾಗಿ ಮನೆಮಂದಿಯನ್ನೆಲ್ಲ ನಗಿಸಿದರು. ಅಚ್ಚುಕಟ್ಟಾಗಿ ಮಾತಾಡಬಲ್ಲವರಿಗೆ ಮಾತನ್ನು ಹೇಗೆ ಕೆಡಿಸಬೇಕೆಂಬುದೂ ಚೆನ್ನಾಗಿ ಗೊತ್ತಿರುತ್ತದೆ.

ಇಷ್ಟೆಲ್ಲ ಮಾಡಿದವರ ಮಾತುಗಳಲ್ಲಿ ಜನ ಅತಿ ಹೆಚ್ಚು ಕೇಳಿದ್ದು ಮೆಟ್ರೊದ ನಾಲ್ಕಾರು ಪದಗಳ ಪ್ರಕಟಣೆಗಳನ್ನು. ಕೇಳಲು ಸುಲಭ, ಹೇಳಲು ಕಷ್ಟ. ಇಂಥ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಪೂರ್ತಿ ವಾಕ್ಯವನ್ನು ಒಂದೇ ಉಸಿರಿಗೆ ದಾಖಲಿಸುವುದಿಲ್ಲ. 'ಮುಂದಿನ ನಿಲ್ದಾಣ' ಎಂಬುದು ಒಂದು ತುಣುಕು, ಊರಿನ ಹೆಸರು ಇನ್ನೊಂದು, ಬಾಗಿಲು ಯಾವ ಕಡೆ ತೆರೆಯುತ್ತದೆ ಎನ್ನುವುದು ಮತ್ತೊಂದು. ಯಂತ್ರ ಅವನ್ನು ಜೋಡಿಸುತ್ತದೆ. ಯಾವ ತುಣುಕು ಯಾವುದರ ಪಕ್ಕ ಕೂತರೂ ಬೆಸುಗೆ ಕಾಣಬಾರದು. ಹಾಗಾಗಿ ಪ್ರತಿ ಹೆಸರನ್ನೂ ಒಂದೇ ಶ್ರುತಿಯಲ್ಲಿ, ಒಂದೇ ವೇಗದಲ್ಲಿ ಹೇಳಬೇಕು. ಬೆಳಗಿನ ದಾಖಲೆಗೂ ಸಂಜೆಯ ದಾಖಲೆಗೂ ದಣಿವಿನ ವ್ಯತ್ಯಾಸ ತೋರಬಾರದು.

ಹೆಸರುಗಳನ್ನೇ ನೋಡಿ: ಪಟ್ಟಂದೂರು ಅಗ್ರಹಾರ, ಕುಂದಲಹಳ್ಳಿ, ಗರುಡಾಚಾರ್‌ಪಾಳ್ಯ, ಬೆನ್ನಿಗಾನಹಳ್ಳಿ, ಹಲಸೂರು. ಒತ್ತಕ್ಷರ, ದೀರ್ಘ, ಹಕಾರ, ಳಕಾರ ಎಲ್ಲ ಇವೆ. ಹಕಾರ ನುಂಗಿದರೆ ಹಳ್ಳಿ ಅಳ್ಳಿಯಾಗುತ್ತದೆ, ಹಲಸೂರು ಅಲಸೂರಾಗುತ್ತದೆ. ಒತ್ತಿ ಹೇಳಿದರೆ ಪಾಠ ಒಪ್ಪಿಸಿದಂತೆ ಕೇಳುತ್ತದೆ. ಇವೆರಡಕ್ಕೂ ಎಡೆಗೊಡದ ಹದ ಅಪರ್ಣಾ ಅವರದು. ಬೋಗಿಯ ಗದ್ದಲದಲ್ಲೂ ಹೆಸರು ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ, ಆದರೆ ಯಾರೋ ಕೂಗಿದರು ಎನ್ನಿಸುವುದಿಲ್ಲ.

ದನಿಯಿಂದ ಬದುಕುವವರಿಗೆ ಸಲ್ಲುವ ಮರ್ಯಾದೆ ಎಲ್ಲ ಕಡೆ ಒಂದೇ ಅಲ್ಲ. ಇಟಲಿಯಲ್ಲಿ 1930ರ ದಶಕದಿಂದಲೂ ವಿದೇಶಿ ಚಿತ್ರಗಳನ್ನು ಇಟಾಲಿಯನ್ ಭಾಷೆಗೆ ಡಬ್ ಮಾಡುವುದು ರೂಢಿ. ರಾಬರ್ಟ್ ಡಿ ನೀರೊ, ಅಲ್ ಪಚೀನೊ, ಡಸ್ಟಿನ್ ಹಾಫ್‌ಮನ್ ಮೂವರಿಗೂ ಕಂಠ ಕೊಟ್ಟ ಫೆರ್ರುಚ್ಚೊ ಅಮೆಂದೊಲಾ ಅಲ್ಲಿ ತಾರೆಯಷ್ಟೇ ಜನಪ್ರಿಯರಾಗಿದ್ದರು. ದೊಡ್ಡ ನಟ ಆಲ್ಬೆರ್ತೊ ಸೊರ್ದಿ ಎಳೆಯ ವಯಸ್ಸಿನಲ್ಲಿ ಲಾರೆಲ್–ಹಾರ್ಡಿ ಜೋಡಿಯ ದಪ್ಪ ಹಾರ್ಡಿಯ ಇಟಾಲಿಯನ್ ದನಿಯಾಗಿದ್ದವರು. ನಮ್ಮಲ್ಲಿ ಕಥೆ ಬೇರೆ. ಕನ್ನಡ ಚಿತ್ರರಂಗದ ಉಳಿವಿಗಾಗಿ 1960ರ ದಶಕದಲ್ಲಿ ಎದ್ದ ಚಳವಳಿಯಿಂದ ಪರಭಾಷಾ ಚಿತ್ರಗಳ ಡಬ್ಬಿಂಗ್ ದಶಕಗಳ ಕಾಲ ದೂರವೇ ಉಳಿಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ದಾರಿ ತೆರೆಯಿತು. ಇಂದು ಕಂಠದಾನ ಕಲಾವಿದರಿಗೆ ಕೆಲಸ ಹೆಚ್ಚಿದೆ, ಹೆಸರು ಮಾತ್ರ ಇನ್ನೂ ಹಿಂದೆಯೇ ಇದೆ. ಆದರೆ ದನಿಯ ಬಲ ದೊಡ್ಡದು; ಗಣಿಯೂರಿನ ಹೆಸರನ್ನೇ ಹೊತ್ತ 'ಕೆ.ಜಿ.ಎಫ್' ಚಿತ್ರವನ್ನೇ ತೆಗೆದುಕೊಳ್ಳಿ. ಮೊದಲ ಭಾಗದ ಕಥೆಯನ್ನು ನಮಗೆ ಹೇಳುವುದು ಅನಂತನಾಗ್ ಅವರ ದನಿ, ಎರಡನೆಯದನ್ನು ಪ್ರಕಾಶ್ ರಾಜ್ ಅವರ ದನಿ. ಆ ಚಿತ್ರದ ಅಬ್ಬರವನ್ನು ಹಿಡಿದು ನಿಲ್ಲಿಸಿರುವುದು ನಿರೂಪಕನ ಮಾತು.

ಕೆಜಿಎಫ್‌ಗೆ ಮೆಟ್ರೊದ ಈ ದನಿ ಮುಖ್ಯವಾಗಲು ಇನ್ನೂ ಒಂದು ಕಾರಣವಿದೆ. ಗಣಿ ಕೆಲಸಕ್ಕೆಂದು ತಮಿಳು, ತೆಲುಗು ಸೀಮೆಗಳಿಂದ ಬಂದವರು ಕಟ್ಟಿದ ಊರು ಇದು. ಮನೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಶಾಲೆ–ಕಚೇರಿಯಲ್ಲಿ ಕನ್ನಡ ಎಂಬ ಬದುಕು ಇಲ್ಲಿ ಸಹಜ. ಇಲ್ಲಿಂದ ಬೆಂಗಳೂರಿಗೆ ಹೋಗುವ ಯುವಕ ಯುವತಿಯರಿಗೆ ದಿನಕ್ಕೆ ಎರಡು ಹೊತ್ತು, ಒಂದೇ ಸಮನಾಗಿ, ಯಾರನ್ನೂ ಹಂಗಿಸದೆ ಕೇಳಿಸುವ ಕನ್ನಡ ಮೆಟ್ರೊದ ದನಿ. ಬಾರದವರನ್ನು ಅದು ಅವಮಾನಿಸುವುದಿಲ್ಲ, ಬಲ್ಲವರನ್ನು ನಿರಾಶೆಗೊಳಿಸುವುದಿಲ್ಲ. ಭಾಷೆ ಹಬ್ಬುವುದು ಹೀಗೆ, ನಿತ್ಯದ ಬಳಕೆಯಲ್ಲಿ, ಸೌಜನ್ಯದಲ್ಲಿ. ನೂರು ಭಾಷಣ ಮಾಡಲಾಗದ್ದನ್ನು ಚೆನ್ನಾಗಿ ಹೇಳಿದ ಒಂದು ಪ್ರಕಟಣೆ ಮಾಡುತ್ತದೆ.

ಅಪರ್ಣಾ ಅವರನ್ನು ಗೌರವಿಸಬೇಕೆಂದರೆ ಅವರ ಕಸುಬನ್ನು ಬೆಳೆಸಬೇಕು. ಬಂಗಾರಪೇಟೆ ಜಂಕ್ಷನ್ ಇರಲಿ, ಕೆಜಿಎಫ್ ಬಸ್ ನಿಲ್ದಾಣವಿರಲಿ, ಆಸ್ಪತ್ರೆ ಇರಲಿ, ಸಾರ್ವಜನಿಕ ಪ್ರಕಟಣೆಗಳನ್ನು ತರಬೇತಾದ ಕನ್ನಡ ಕಲಾವಿದರಿಂದ ಮಾಡಿಸಲಿ; ಅವರಿಗೆ ಸಂಭಾವನೆಯ ಜೊತೆ ಹೆಸರನ್ನೂ ಕೊಡಲಿ. ಗಡಿ ಜಿಲ್ಲೆಯ ಶಾಲೆಗಳಲ್ಲಿ ವಾರ್ಷಿಕೋತ್ಸವದ ನಿರೂಪಣೆಯನ್ನು ಮಕ್ಕಳಿಗೇ ವಹಿಸಿ, ಒಂದು ತಿಂಗಳು ಮೊದಲೇ ಗಟ್ಟಿಯಾಗಿ ಓದಿಸಿ, ತಿದ್ದಿ. ಮನೆಯಲ್ಲಿ ತಮಿಳು ಆಡುವ ಮಗುವೂ ಮೈಕಿನ ಮುಂದೆ ಸೊಗಸಾದ ಕನ್ನಡ ಆಡಬಲ್ಲದು. ಕಲಿಸುವವರು ಬೇಕು, ಅವಕಾಶ ಕೊಡುವವರು ಬೇಕು. ಅಪರ್ಣಾ ಅವರ ನಂತರದ ದನಿ ನಂದಿದುರ್ಗದ ಯಾವುದೋ ಕಾಲೊನಿಯಿಂದಲೂ ಬರಬಹುದು. ಆ ಮಗುವಿನ ಕೈಗೆ ಮೈಕು ಕೊಡುವ ಕೆಲಸ ನಮ್ಮದು.