ಹಲಗೆಯೊಳಗಿನ ಗೆರೆ

ಒಂದು ಅಂಗುಲ ದಪ್ಪದ ಮೇಪಲ್ ಹಲಗೆ. ಅದರಲ್ಲಿ ಒಂದು ತಾಯಾನೆ, ಅದರ ಹೊಟ್ಟೆಯಡಿಯಲ್ಲಿ ಮರಿ. ಹತ್ತಕ್ಕೂ ಕಡಿಮೆ ತುಣುಕುಗಳು ಒಂದನ್ನೊಂದು ಕಚ್ಚಿಕೊಂಡು, ಅಂಟು ಮೊಳೆಗಳ ಹಂಗಿಲ್ಲದೆ ಮೇಜಿನ ಮೇಲೆ ನಿಲ್ಲುತ್ತವೆ. ಬೆನ್ನು ಹಿಡಿದು ಎತ್ತಿದರೆ ಇಡೀ ಆನೆ ಮೇಲೇಳುತ್ತದೆ. ತುಣುಕನ್ನು ಅಡ್ಡಲಾಗಿ ಒತ್ತಿದರೆ ಮಾತ್ರ ಅದು ಜಾರಿ ಕೈಗೆ ಬರುತ್ತದೆ. ಅಮೆರಿಕದ ಕರಕುಶಲ ಮೇಳಗಳಲ್ಲಿ ಇಂಥ ಮರದ ಪಜಲ್‌ಗಳನ್ನು ಮಾರುವವರು ಅವನ್ನು ತಾವೇ ಕೊಯ್ದು ತಂದಿರುತ್ತಾರೆ. ಅವರ ಆಯುಧ ಸ್ಕ್ರೋಲ್ ಸಾ ಎಂಬ ಯಂತ್ರಗರಗಸ.

ಕೆತ್ತನೆಯವರು ಬೇಡದ ಮರವನ್ನು ತೆಗೆಯುತ್ತಾ ಹೋಗುತ್ತಾರೆ. ಪಜಲ್ ಮಾಡುವವರು ತೆಗೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಬ್ಲೇಡು ಹಾದುಹೋದ ಜಾಗದಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ ಅಗಲದ ಹುಡಿ ಉದುರುತ್ತದೆ, ಅಷ್ಟೆ. ಆನೆಯೊಳಗಿನ ಮರವೆಲ್ಲ ಇದ್ದಲ್ಲಿಯೇ ಇರುತ್ತದೆ. ಕೊಳ್ಳುವವರು ದುಡ್ಡು ಕೊಡುವುದು ಆ ಗೆರೆಗೆ. ಅದು ಎಲ್ಲಿ ತಿರುಗಿತು, ಎಷ್ಟು ನುಣುಪಾಗಿ ತಿರುಗಿತು ಎನ್ನುವುದೇ ಈ ಕಸುಬಿನ ಸರ್ವಸ್ವ.

ಯಂತ್ರ ನೋಡಲು ಹೊಲಿಗೆ ಯಂತ್ರದ ನೆಂಟನಂತಿದೆ. ಮೇಲೊಂದು ತೋಳು, ಕೆಳಗೊಂದು ತೋಳು, ನಡುವೆ ಐದು ಅಂಗುಲ ಉದ್ದದ ತೆಳ್ಳನೆಯ ಬ್ಲೇಡು ಬಿಗಿಯಾಗಿ ನಿಂತಿರುತ್ತದೆ. ಅದು ನಿಮಿಷಕ್ಕೆ ನೂರಾರು ಸಲ, ವೇಗ ಏರಿಸಿದರೆ ಸಾವಿರಕ್ಕೂ ಹೆಚ್ಚು ಸಲ, ಮೇಲೆ ಕೆಳಗೆ ಆಡುತ್ತದೆ. ಬ್ಲೇಡು ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಅದರ ಮುಂದೆ ಮರವನ್ನು ತಿರುಗಿಸುವುದು ಎರಡೂ ಕೈಗಳ ಬೆರಳುಗಳು. ಬಿಗಿ ಸರಿಯಾಗಿದೆಯೇ ಎಂದು ತಿಳಿಯಲು ಬ್ಲೇಡನ್ನು ಬೆರಳಿನಿಂದ ಮೀಟುತ್ತಾರೆ. ಸ್ಪಷ್ಟವಾದ ತಾರಸ್ವರ ಬಂದರೆ ಕೆಲಸ ಶುರು. ಮಂಕಾಗಿ ದಪ್ಪನೆ ಸದ್ದು ಬಂದರೆ ಇನ್ನಷ್ಟು ಬಿಗಿಯಬೇಕು. ಸಡಿಲ ಬ್ಲೇಡು ತಿರುವಿನಲ್ಲಿ ಹೊಟ್ಟೆಯುಬ್ಬಿಸಿ ಬಾಗುತ್ತದೆ.

ಅದಕ್ಕೂ ಮೊದಲು ಮೇಜು ಬ್ಲೇಡಿಗೆ ಮೂಲೆಮಟ್ಟವಾಗಿದೆಯೇ ಎಂದು ನೋಡಬೇಕು. ಪಜಲ್ ಮಾಡುವವರು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅವರ ಪರೀಕ್ಷೆ ನನಗೆ ತುಂಬ ಇಷ್ಟವಾದದ್ದು. ದಪ್ಪ ಮರದ ಚೂರೊಂದರ ಅಂಚಿಗೆ ಸಣ್ಣ ಗೀಟು ಕೊಯ್ಯುತ್ತಾರೆ. ಯಂತ್ರ ನಿಲ್ಲಿಸಿ, ಆ ಚೂರನ್ನು ತಿರುಗಿಸಿ ಬ್ಲೇಡಿನ ಹಿಂಬದಿಗೆ ಒಯ್ದು, ಅದೇ ಗೀಟನ್ನು ಬ್ಲೇಡಿನ ಬೆನ್ನಿಗೆ ತಾಗಿಸುತ್ತಾರೆ. ಬ್ಲೇಡು ತೊಡಕಿಲ್ಲದೆ ಗೀಟಿನೊಳಗೆ ಕೂತರೆ ಮೇಜು ಸರಿಯಾಗಿದೆ. ಕೂರದಿದ್ದರೆ ವಾಲಿಕೆ ಇಮ್ಮಡಿಯಾಗಿ ಕಣ್ಣಿಗೆ ಬೀಳುತ್ತದೆ. ಇಷ್ಟೇಕೆ ಎಂದರೆ, ಮೇಜು ಒಂದು ಡಿಗ್ರಿ ವಾಲಿದರೂ ಕೊಯ್ದ ತುಣುಕಿನ ಮೇಲ್ಮುಖ ದೊಡ್ಡದು, ಕೆಳಮುಖ ಚಿಕ್ಕದು ಆಗಿಬಿಡುತ್ತದೆ. ಆಗ ಅದು ಒಂದು ಕಡೆಯಿಂದ ಮಾತ್ರ ಒಳಗೆ ಹೋಗುತ್ತದೆ, ಇನ್ನೊಂದು ಕಡೆಯಿಂದ ಹಟ ಹಿಡಿಯುತ್ತದೆ. ಒಳ್ಳೆಯ ಪಜಲ್‌ನ ತುಣುಕು ಎರಡೂ ಕಡೆಯಿಂದ ಒಂದೇ ಹದದಲ್ಲಿ ಜಾರಬೇಕು.

ಬ್ಲೇಡಿಗೂ ಒಂದು ಸ್ವಭಾವವಿದೆ. ಉಕ್ಕಿನ ಪಟ್ಟಿಗೆ ಹಲ್ಲು ಮಾಡುವಾಗ ಒಂದು ಬದಿಯ, ಸಾಮಾನ್ಯವಾಗಿ ಬಲಬದಿಯ, ಅಂಚು ತುಸು ತರಕಲಾಗಿ ಉಳಿಯುತ್ತದೆ. ಆ ಬದಿ ಹೆಚ್ಚು ಚುರುಕಾಗಿ ಕೊಯ್ಯುತ್ತದೆ. ಆದ್ದರಿಂದ ಮರವನ್ನು ನೆಟ್ಟಗೆ ತಳ್ಳಿದರೆ ಗೆರೆ ಬಲಕ್ಕೆ ವಾಲುತ್ತದೆ. ಅನುಭವಸ್ಥರು ಮರವನ್ನು ಸ್ವಲ್ಪ ಓರೆಯಾಗಿ ಹಿಡಿದು ತಳ್ಳುತ್ತಾರೆ. ಆ ಓರೆ ಎಷ್ಟು ಎನ್ನುವುದನ್ನು ಕೈ ಕೆಲಸದಲ್ಲೇ ಕಲಿಯುತ್ತದೆ, ಹೊಸ ಬ್ಲೇಡು ಹಾಕಿದಾಗಲೆಲ್ಲ ಒಂದಿಷ್ಟು ಮತ್ತೆ ಕಲಿಯುತ್ತದೆ.

ಮರದ ಆಯ್ಕೆಯಲ್ಲಿ ನಾರಿನ ದಿಕ್ಕೇ ಮುಖ್ಯ. ನಿಲ್ಲುವ ಆನೆಗೆ ಮೇಪಲ್, ಚೆರ್ರಿ, ವಾಲ್‌ನಟ್‌ನಂಥ ಗಟ್ಟಿ ಮರ ಬೇಕು, ಮತ್ತು ಕಾಲುಗಳು ನಾರಿನ ಉದ್ದಕ್ಕೆ ಬರುವಂತೆ ಚಿತ್ರವನ್ನು ಕೂರಿಸಬೇಕು. ನಾರು ಅಡ್ಡಲಾಗಿ ಬಂದ ಕಾಲು ಮಗು ಒಮ್ಮೆ ಕೈಬಿಟ್ಟರೆ ಮುರಿಯುತ್ತದೆ. ಸೊಂಡಿಲು, ಬಾಲ, ಕಾಲು ಮೂರೂ ಮೂರು ದಿಕ್ಕಿಗೆ ಹೋಗುವುದರಿಂದ ಎಲ್ಲಕ್ಕೂ ನ್ಯಾಯ ಸಿಗುವುದಿಲ್ಲ. ಹಾಗಾಗಿ ಬಾಲವನ್ನು ಮೈಗೆ ಅಂಟಿದಂತೆ, ಸೊಂಡಿಲನ್ನು ದಪ್ಪಗೆ ಬರೆಯುತ್ತಾರೆ. ಚಿತ್ರದಲ್ಲಿ ಮುದ್ದಾಗಿ ಕಾಣುವ ಎಷ್ಟೋ ಸೊಗಸುಗಳು ಮರದ ಮುಂದೆ ಸೋತು ಹೀಗೆ ಬದಲಾಗುತ್ತವೆ. ಆ ಬದಲಾವಣೆಯಿಂದಲೇ ಪ್ರಾಣಿಗಳಿಗೆ ಒಂದು ದೃಢವಾದ ಚೆಲುವು ಬರುತ್ತದೆ. ಚಪ್ಪಟೆಯ ಚಿತ್ರದ ಪಜಲ್‌ಗಳಿಗೆ ಆರು ಮಿಲಿಮೀಟರ್ ಆಸುಪಾಸಿನ ಬರ್ಚ್ ಪ್ಲೈವುಡ್ ಹೊಂದುತ್ತದೆ. ಅದರ ಪದರಗಳ ನಾರು ಒಂದಕ್ಕೊಂದು ಅಡ್ಡವಾಗಿರುವುದರಿಂದ ಯಾವ ದಿಕ್ಕಿಗೆ ಚಾಚಿದ ಸಣ್ಣ ಭಾಗವೂ ಸುಲಭಕ್ಕೆ ಮುರಿಯದು.

ಚಿತ್ರದ ಮಾದರಿಯ ಕಾಗದವನ್ನು ಹಲಗೆಗೆ ಅಂಟಿಸಿದ ಮೇಲೆ ಹಲವರು ಅದರ ಮೇಲೆ ಪ್ಯಾಕಿಂಗ್ ಟೇಪ್ ಹಚ್ಚುತ್ತಾರೆ. ಗಟ್ಟಿ ಮರದಲ್ಲಿ, ಅದರಲ್ಲೂ ಚೆರ್ರಿಯಲ್ಲಿ, ಬ್ಲೇಡಿನ ಕಾವಿಗೆ ಅಂಚು ಕಪ್ಪಾಗುವುದುಂಟು. ಟೇಪ್ ಇದ್ದರೆ ಆ ಸುಟ್ಟ ಕಲೆ ಬಹುಮಟ್ಟಿಗೆ ತಪ್ಪುತ್ತದೆ. ಕೆಳಗಿನ ಕೆಲವು ಹಲ್ಲುಗಳು ತಲೆಕೆಳಗಾಗಿ ಇರುವ ಬ್ಲೇಡುಗಳೂ ಇವೆ. ಅವು ಹಲಗೆಯ ಅಡಿಯಲ್ಲಿ ಸಿಬಿರೇಳದಂತೆ ನೋಡಿಕೊಳ್ಳುತ್ತವೆ.

ಇಷ್ಟೆಲ್ಲ ಆದ ಮೇಲೆ ತುಣುಕುಗಳನ್ನು ಹಿಡಿದಿಡುವ ಗುಬುಟು. ಗುಂಡನೆಯ ತಲೆ, ಅದಕ್ಕಿಂತ ಕಿರಿದಾದ ಕತ್ತು. ಕತ್ತು ತೀರಾ ಸಣ್ಣದಾದರೆ ಮುರಿಯುತ್ತದೆ, ದಪ್ಪವಾದರೆ ಹಿಡಿತ ಇರುವುದಿಲ್ಲ. ಕೊಯ್ಯುವವರ ಕಣ್ಣು ಬ್ಲೇಡಿನ ಮೇಲಲ್ಲ, ಅದಕ್ಕಿಂತ ತುಸು ಮುಂದೆ, ಇನ್ನೂ ಕೊಯ್ಯದ ಗೆರೆಯ ಮೇಲೆ ಇರುತ್ತದೆ. ಕತ್ತಿನ ಬಳಿ ಬಂದಾಗ ತಳ್ಳುವುದನ್ನು ಸಡಿಲಿಸಿ, ಒಂದು ಬೆರಳನ್ನು ಊರಿ, ಮರವನ್ನು ಅದರ ಸುತ್ತ ತಿರುಗಿಸಬೇಕು. ತಿರುಗಿಸುವಾಗ ತಳ್ಳಿದರೆ ಗೆರೆಯಲ್ಲಿ ಮೂಲೆ ಮೂಡುತ್ತದೆ. ತಡೆದು ನಿಂತರೆ ಮರ ಸುಡುತ್ತದೆ. ಪಳಗಿದ ಕೈಯಲ್ಲಿ ಇದೆಲ್ಲ ಒಂದೇ ಓಟದಲ್ಲಿ ನಡೆಯುತ್ತದೆ. ಎಷ್ಟೋ ಜನ ಕತ್ತರಿಸುವ ಗೆರೆಯನ್ನು ಬರೆದುಕೊಳ್ಳುವುದೂ ಇಲ್ಲ. ಹೊರಗಿನ ಆಕಾರ ಮಾತ್ರ ಇರುತ್ತದೆ, ಒಳಗಿನ ಗುಬುಟುಗಳೆಲ್ಲ ಆ ಕ್ಷಣದ ಕೈಬರಹ. ಹೀಗೆ ಕೊಯ್ದ ಎರಡು ಆನೆಗಳ ತುಣುಕುಗಳು ಅದಲುಬದಲಾದರೆ ಕೂರುವುದಿಲ್ಲ.

ಈ ಕೆಲಸದ ಇತಿಹಾಸದಲ್ಲಿ ಸಿಗುವ ಮೊದಲ ಹೆಸರು ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿಯದು. ನಕ್ಷೆ ಕೆತ್ತುವ ವೃತ್ತಿಯ ಆತ 1760ರ ದಶಕದಲ್ಲಿ ನಕ್ಷೆಗಳನ್ನು ಮರದ ಹಲಗೆಗೆ ಅಂಟಿಸಿ, ದೇಶಗಳ ಗಡಿಗುಂಟ ಕೊಯ್ದು, ಮಕ್ಕಳಿಗೆ ಭೂಗೋಳ ಕಲಿಸಲು ಮಾರಿದ. ಆಗ ಇದ್ದದ್ದು ಕೈಗರಗಸ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸದವರು ಹೂ, ಎಲೆ, ಆನೆಗಳನ್ನು ತೆಳು ಮರದಲ್ಲಿ ಕೊಯ್ದು ತೆಗೆಯಲು ಬಳಸುವ ಸಣ್ಣ ಬ್ಲೇಡಿನ ಗರಗಸದ್ದೂ ಅದೇ ವಂಶ. ಅದನ್ನು ನೋಡಿದವರಿಗೆ ಸ್ಕ್ರೋಲ್ ಸಾ ಅಪರಿಚಿತವೆನಿಸದು.

ಅಮೆರಿಕದಲ್ಲಿ 1908–09ರ ಸುಮಾರಿಗೆ ದೊಡ್ಡವರಿಗೂ ಈ ಹುಚ್ಚು ಹಿಡಿಯಿತು. ಪಾರ್ಕರ್ ಬ್ರದರ್ಸ್ ಕಂಪನಿ ‘ಪಾಸ್‌ಟೈಮ್’ ಎಂಬ ಹೆಸರಿನಲ್ಲಿ ಮರದ ಪಜಲ್ ಮಾಡಿಸಿತು, ಕೊಯ್ಯುತ್ತಿದ್ದವರು ಹೆಂಗಸರು. ಸಾಮಾನ್ಯ ತುಣುಕುಗಳ ನಡುವೆ ಹಕ್ಕಿ, ನಾಯಿ, ಬಾತುಕೋಳಿಯಂಥ ಆಕಾರದ ತುಣುಕುಗಳನ್ನು ಸೇರಿಸುವ ರೂಢಿ ಆಗಲೇ ಬೆಳೆಯಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಬಡಗಿಗಳು, ಕುಶಲಕರ್ಮಿಗಳು ಮನೆಯಲ್ಲೇ ಪಜಲ್ ಕೊಯ್ದು ಮಾರಿದರು, ಬಾಡಿಗೆಗೂ ಕೊಟ್ಟರು. ಅದೇ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಫ್ರಾಂಕ್ ವೇರ್, ಜಾನ್ ಹೆನ್ರಿಕ್ಸ್ ಎಂಬಿಬ್ಬರು ‘ಪಾರ್’ ಪಜಲ್‌ಗಳನ್ನು ಶುರುಮಾಡಿದರು. ಅವರ ಜಾಣತನ ಬಣ್ಣದ ಅಂಚಿನಲ್ಲಿ ಕೊಯ್ಯುವುದು: ನೀಲಿ ಆಕಾಶ ಮುಗಿದು ಹಸಿರು ಮರ ಶುರುವಾಗುವ ಗೆರೆಯ ಮೇಲೆಯೇ ಬ್ಲೇಡು ಹೋಗುತ್ತದೆ. ಆಗ ಯಾವ ತುಣುಕಿನಲ್ಲೂ ಪಕ್ಕದ ಬಣ್ಣದ ಸುಳಿವಿರುವುದಿಲ್ಲ. ಪೆಟ್ಟಿಗೆಯ ಮೇಲೆ ಚಿತ್ರವೂ ಇಲ್ಲ. ಪ್ರತಿ ಪಜಲ್‌ನಲ್ಲೂ ಕಡಲಕುದುರೆಯ ಆಕಾರದ ಒಂದು ತುಣುಕು ಅವರ ಸಹಿ. ಎಪ್ಪತ್ತರ ದಶಕದಲ್ಲಿ ವರ್ಮಾಂಟಿನ ‘ಸ್ಟೇವ್’ ಕಂಪನಿ ಈ ಹಾದಿಯನ್ನು ಇನ್ನೂ ಮುಂದಕ್ಕೆ ಒಯ್ದಿತು.

ಮೇಳಗಳ ಕಥೆಯೂ 1930ರ ದಶಕದ ಆ ಕಷ್ಟದ ವರ್ಷಗಳಿಗೇ ಹೋಗುತ್ತದೆ. ನ್ಯೂ ಹ್ಯಾಂಪ್‌ಶೈರ್ ಕುಶಲಕರ್ಮಿಗಳ ಸಂಘದ ಮೊದಲ ಮೇಳ ನಡೆದದ್ದು 1933ರಲ್ಲಿ. ಈಗಲೂ ಪ್ರತಿ ಆಗಸ್ಟ್‌ನಲ್ಲಿ ಸುನಾಪಿ ಬೆಟ್ಟದ ಬುಡದಲ್ಲಿ ನಡೆಯುತ್ತದೆ. ಹೆಸರಿರುವ ಮೇಳಗಳಲ್ಲಿ ದುಡ್ಡು ಕಟ್ಟಿದವರಿಗೆಲ್ಲ ಜಾಗ ಸಿಗುವುದಿಲ್ಲ, ಕೆಲಸವನ್ನು ತೀರ್ಪುಗಾರರು ಮೊದಲು ನೋಡುತ್ತಾರೆ. ಮಳಿಗೆ ಎಂದರೆ ಸಾಮಾನ್ಯವಾಗಿ ಹತ್ತಡಿ ಉದ್ದ ಹತ್ತಡಿ ಅಗಲದ ಬಟ್ಟೆಯ ಚಪ್ಪರ. ಬಲ್ಲ ಮಾರಾಟಗಾರರು ಮಕ್ಕಳ ಎತ್ತರದ ಒಂದು ಮೇಜಿಟ್ಟು, ಅದರ ಮೇಲೆ ಒಂದು ಪಜಲನ್ನು ಬಿಡಿಸಿ ಹರಡಿರುತ್ತಾರೆ. ಮುಟ್ಟಬೇಡಿ ಎಂಬ ಫಲಕ ಈ ವಸ್ತುವಿಗೆ ಮಾಡುವ ದ್ರೋಹ. ಇದರ ಗುಣ ಕಣ್ಣಿಗೆ ಅರ್ಧ ಮಾತ್ರ ಕಾಣುತ್ತದೆ, ಉಳಿದರ್ಧ ತುಣುಕು ಜಾರಿ ಕೂರುವಾಗ ಬೆರಳಿಗೆ ಗೊತ್ತಾಗುತ್ತದೆ. ಮಗು ಆಡುತ್ತಿರುವಾಗ ಹಿಂದೆ ನಿಂತ ಅಜ್ಜ ಕೈಹಾಕುತ್ತಾರೆ, ವ್ಯಾಪಾರ ಅಲ್ಲೇ ಕುದುರುತ್ತದೆ. ಮಕ್ಕಳ ಹೆಸರಿನ ಅಕ್ಷರಗಳ ಪಜಲ್‌ಗೂ ಬೇಡಿಕೆ ಹೆಚ್ಚು.

ಮಕ್ಕಳ ವಸ್ತುವಾದ್ದರಿಂದ ಅಮೆರಿಕದಲ್ಲಿ ಕಾನೂನೂ ಇದೆ. 31.7 ಮಿಲಿಮೀಟರ್ ವ್ಯಾಸದ ಒಂದು ಅಳತೆಯ ಕೊಳವೆಯೊಳಗೆ ತುಣುಕು ಪೂರ್ತಿ ಇಳಿದುಹೋದರೆ ಅದನ್ನು ಮೂರು ವರ್ಷದೊಳಗಿನ ಮಕ್ಕಳಿಗೆಂದು ಮಾರುವಂತಿಲ್ಲ. ಅಂದರೆ ಆನೆಮರಿ ಎಷ್ಟು ಚಿಕ್ಕದಿರಬಹುದು ಎಂಬುದನ್ನು ಚಿತ್ರಕಾರನ ಜೊತೆಗೆ ಈ ಕೊಳವೆಯೂ ನಿರ್ಧರಿಸುತ್ತದೆ. 2008ರ ಸುರಕ್ಷತಾ ಕಾಯ್ದೆ ಬಂದಾಗ ಪರೀಕ್ಷೆಯ ಖರ್ಚಿಗೆ ಸಣ್ಣ ತಯಾರಕರು ಕಂಗಾಲಾಗಿದ್ದರು. ಮುಂದೆ ಬಣ್ಣ ಹಚ್ಚದ ಮರಕ್ಕೆ ಸೀಸದ ಪರೀಕ್ಷೆಯಿಂದ ವಿನಾಯಿತಿ ಸಿಕ್ಕಿತು. ಬಣ್ಣ ಬೇಕಾಗಿಯೂ ಇಲ್ಲ: ಉಪ್ಪುಕಾಗದದಲ್ಲಿ ಅಂಚು ತಿಕ್ಕಿ, ಮಿನರಲ್ ಆಯಿಲ್‌ನಲ್ಲಿ ಅದ್ದಿ ಒರೆಸಿದರೆ ಸಾಕು, ವಾಲ್‌ನಟ್‌ನ ಕಂದು ಬಣ್ಣ ತಾನಾಗಿ ಎದ್ದುಬರುತ್ತದೆ.

ಈಗ ಲೇಸರ್‌ನಲ್ಲಿ ಕೊಯ್ದ ಪಜಲ್‌ಗಳೂ ಪಕ್ಕದ ಮಳಿಗೆಯಲ್ಲಿರುತ್ತವೆ. ಅವು ಅಗ್ಗ, ಅಳತೆ ಕರಾರುವಾಕ್ಕು. ಆದರೆ ಲೇಸರ್ ಮರವನ್ನು ಸುಟ್ಟು ದಾರಿ ಮಾಡಿಕೊಳ್ಳುವುದರಿಂದ ಅಂಚು ಕಪ್ಪಾಗಿರುತ್ತದೆ. ಗರಗಸದಲ್ಲಿ ಕೊಯ್ದ ತುಣುಕಿನ ಪಕ್ಕದಲ್ಲಿ ಮರದ ಬಣ್ಣವೇ, ನಾರಿನ ಸಾಲುಗಳೇ ಕಾಣುತ್ತವೆ. ನನ್ನ ಮಟ್ಟಿಗೆ ಬೆಲೆಯ ವ್ಯತ್ಯಾಸಕ್ಕೆ ಅಷ್ಟೇ ಸಾಕು.

ಗರಗಸದಲ್ಲಿ ಕೊಯ್ದ ಪಜಲಿಗೆ ಇನ್ನೊಂದು ಅನುಕೂಲವೂ ಇದೆ. ತುಣುಕು ಕಳೆದುಹೋದರೆ ಮಾಡಿದವರನ್ನೇ ಕೇಳಬಹುದು. ಕಳೆದದ್ದರ ಅಕ್ಕಪಕ್ಕದ ತುಣುಕುಗಳನ್ನು ಅವರಿಗೆ ಕಳಿಸಬೇಕು. ಅವರು ಅವನ್ನು ಅದೇ ದಪ್ಪದ, ಅದೇ ಜಾತಿಯ ಮರದ ಮೇಲೆ ಜೋಡಿಸಿ, ನಡುವಿನ ಖಾಲಿ ಜಾಗವನ್ನು ಚೂಪು ಪೆನ್ಸಿಲಿನಿಂದ ಗುರುತಿಸಿ, ಗೆರೆಯ ಹೊರಗೇ ಕೊಯ್ದು, ಕೂರುವ ತನಕ ಸ್ವಲ್ಪ ಸ್ವಲ್ಪವೇ ಉಜ್ಜುತ್ತಾರೆ. ಇದಕ್ಕಾಗಿಯೇ ಹಲಗೆಯ ಉಳಿಕೆ ಚೂರುಗಳನ್ನು ಎಸೆಯದೆ ಎತ್ತಿಡುವವರೂ ಇದ್ದಾರೆ.