ಹಿಮಾಲಯ ಚಾರಣ: ಹತ್ತುವ ಮುನ್ನ ಇಳಿಯುವುದನ್ನು ತಿಳಿಯೋಣ

ಪರೀಕ್ಷೆ ಮುಗಿಯುತ್ತಿದ್ದಂತೆ ಕ್ಯಾಂಪಸ್ಸಿನಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಕುದುರೆಮುಖ, ಮುಳ್ಳಯ್ಯನಗಿರಿ ಹತ್ತಿ ಬಂದವರಿಗೆ ಮುಂದಿನ ಕನಸು ಹಿಮಾಲಯ. ಹೋಗಬೇಡಿ ಎನ್ನಲು ಈ ಲೇಖನ ಬರೆದಿಲ್ಲ. ಹೋದವರು ಕ್ಷೇಮವಾಗಿ ಮನೆಗೆ ಮರಳಲು ಏನೇನು ತಿಳಿದಿರಬೇಕು ಎಂಬುದಷ್ಟೇ ಇಲ್ಲಿನ ವಿಷಯ.

2024ರ ಜೂನ್ ಮೊದಲ ವಾರದ ಸುದ್ದಿ ಹಲವರಿಗೆ ನೆನಪಿರಬಹುದು. ಕರ್ನಾಟಕದಿಂದ ಉತ್ತರಾಖಂಡದ ಸಹಸ್ರತಾಲ್ ಸರೋವರಕ್ಕೆ ಹೋಗಿದ್ದ ಚಾರಣ ತಂಡವೊಂದು, ಸರೋವರ ನೋಡಿ ಹಿಂದಿರುಗುವಾಗ ಹಿಮಗಾಳಿಗೆ ಸಿಲುಕಿತು. ಒಂಬತ್ತು ಮಂದಿ ಮೃತಪಟ್ಟರು. ಉಳಿದವರನ್ನು ಹೆಲಿಕಾಪ್ಟರ್‌ ಮತ್ತು ರಕ್ಷಣಾ ತಂಡಗಳ ನೆರವಿನಿಂದ ಕೆಳಗೆ ತರಲಾಯಿತು. ಅದು ಬೇಸಿಗೆ ಕಾಲ, ಚಾರಣಕ್ಕೆ ಜನ ಹೋಗುವ ಕಾಲ. ಅಲ್ಲಿ ಆಗಿದ್ದೇನು ಎಂಬುದು ಅರ್ಥವಾಗಬೇಕಾದರೆ ಎತ್ತರದ ಪ್ರದೇಶದ ಗಾಳಿ ಮತ್ತು ಚಳಿಯನ್ನು ತಿಳಿಯಬೇಕು.

ಗಾಳಿ ತೆಳುವಾದಾಗ

ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ. ಎತ್ತರ ಸುಮಾರು 1,930 ಮೀಟರ್. ಎತ್ತರದಿಂದ ಬರುವ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ದಾಟಿದ ಮೇಲೆ. ಅಂದರೆ ಕರ್ನಾಟಕದ ಎಲ್ಲ ಬೆಟ್ಟಗಳನ್ನು ಹತ್ತಿದವರ ದೇಹವೂ ಈ ಪರೀಕ್ಷೆಯನ್ನು ಒಮ್ಮೆಯೂ ಬರೆದಿಲ್ಲ.

ಮೇಲೆ ಹೋದರೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ. 21ರಷ್ಟೇ ಇರುತ್ತದೆ. ಕಡಿಮೆಯಾಗುವುದು ಒತ್ತಡ. 5,500 ಮೀಟರ್ ಎತ್ತರದಲ್ಲಿ ವಾಯು ಒತ್ತಡ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಹಾಗಾಗಿ ಪ್ರತಿ ಉಸಿರಿನಲ್ಲೂ ರಕ್ತಕ್ಕೆ ಸೇರುವ ಆಮ್ಲಜನಕ ಕಡಿಮೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ಆದ್ದರಿಂದ 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು.

ತಲೆನೋವು, ವಾಕರಿಕೆ, ಸುಸ್ತು, ತಲೆಸುತ್ತು ಮೊದಲ ಲಕ್ಷಣಗಳು. ಇವು ಇರುವಾಗ ಇನ್ನೂ ಮೇಲೆ ಹೋಗಿ ಮಲಗಬಾರದು. ಗೆರೆ ಎಳೆದು ಅದರ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲು ಹೇಳಿದಾಗ ತೂರಾಡಿದರೆ, ಮಾತು ಗೊಂದಲವಾದರೆ, ಅದು ಮೆದುಳಿನಲ್ಲಿ ಊತದ ಸೂಚನೆ ಇರಬಹುದು. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಎರಡಕ್ಕೂ ಮೊದಲ ಚಿಕಿತ್ಸೆ ಒಂದೇ: ತಕ್ಷಣ ಕೆಳಗಿಳಿಯುವುದು. ಬೆಳಗಾಗಲಿ ಎಂದು ಕಾಯುವಂತಿಲ್ಲ, ರೋಗಿಯನ್ನು ಒಂಟಿಯಾಗಿ ಕಳಿಸುವಂತೆಯೂ ಇಲ್ಲ. ಇನ್ನೊಂದು ಮಾತು: ಕಾಲೇಜು ತಂಡದಲ್ಲಿ ಫುಟ್‌ಬಾಲ್ ಆಡುವ ಗಟ್ಟಿ ಹುಡುಗನಿಗೂ ಈ ಕಾಯಿಲೆ ಬರಬಹುದು. ಫಿಟ್‌ನೆಸ್ ಇದಕ್ಕೆ ರಕ್ಷಣೆಯಲ್ಲ.

ಚಳಿಯ ಲೆಕ್ಕ

ಸಾವಿರ ಮೀಟರ್ ಏರಿದರೆ ತಾಪಮಾನ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. 1,500 ಮೀಟರ್ ಎತ್ತರದ ಊರಿನಲ್ಲಿ 20 ಡಿಗ್ರಿ ಸೆಲ್ಸಿಯಸ್ ಇದ್ದರೆ, 4,500 ಮೀಟರಿನಲ್ಲಿ ಹೆಚ್ಚುಕಡಿಮೆ ಸೊನ್ನೆ. ಗಾಳಿ ಬೀಸಿದರೆ ದೇಹಕ್ಕೆ ಅದು ಇನ್ನೂ ಕಡಿಮೆ. ಅಷ್ಟು ಎತ್ತರದಲ್ಲಿ ಮರಗಳಿಲ್ಲ. ಹುಲ್ಲು, ಬಂಡೆ, ಹಿಮ ಮಾತ್ರ. ಮರೆಗೆ ನಿಲ್ಲಲು ಜಾಗ ಸಿಗುವುದಿಲ್ಲ.

ದೇಹದೊಳಗಿನ ತಾಪಮಾನ 35 ಡಿಗ್ರಿಗಿಂತ ಕೆಳಗಿಳಿದರೆ ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಮೊದಲು ಮೈ ನಡುಗುತ್ತದೆ, ಮಾತು ತೊದಲುತ್ತದೆ. ಚಳಿ ಇದ್ದಾಗಲೇ ನಡುಕ ನಿಂತರೆ ಅದು ಚೇತರಿಕೆಯಲ್ಲ, ಅಪಾಯ. ಒದ್ದೆ ಬಟ್ಟೆ ಬಿಚ್ಚಿ, ಒಣ ಉಡುಪು ಹೊದಿಸಿ, ಗಾಳಿಯಿಂದ ಮರೆ ಮಾಡಬೇಕು. ಹತ್ತಿಯ ಬಟ್ಟೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನೂ ಕಸಿಯುತ್ತದೆ. ಆದ್ದರಿಂದ ಜೀನ್ಸ್ ಬೇಡ. ಉಣ್ಣೆ ಅಥವಾ ಫ್ಲೀಸ್, ಮೇಲೊಂದು ಮಳೆಗಾಳಿ ತಡೆಯುವ ಜಾಕೆಟ್, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ಜೊತೆ ಒಣ ಬಟ್ಟೆ ಬೆನ್ನಚೀಲದಲ್ಲಿ ಸದಾ ಇರಲಿ. ತಂಡದ ಸಾಮಾನು ಕುದುರೆ ಅಥವಾ ಹೇಸರಗತ್ತೆಯ ಮೇಲೆ ಮುಂದೆ ಹೋದರೂ ಇವು ನಿಮ್ಮ ಬೆನ್ನ ಮೇಲೆಯೇ ಇರಬೇಕು.

ಮೊದಲೇ ಮಾಡುವ ನಿರ್ಧಾರ

ಬೆಟ್ಟದಲ್ಲಿ ಬೆಳಿಗ್ಗೆ ಆಕಾಶ ತಿಳಿಯಾಗಿದ್ದರೂ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟುವುದು ಸಾಮಾನ್ಯ. ಹಿಮ ಕರಗಿ ಹರಿಯುವ ತೊರೆಗಳೂ ಮಧ್ಯಾಹ್ನ ತುಂಬುತ್ತವೆ. ಫಜ್ರ್ ನಮಾಝಿನ ನಂತರ ಬೇಗ ಹೊರಟು, ಮಧ್ಯಾಹ್ನಕ್ಕೆ ಮುನ್ನ ಎತ್ತರದ ಜಾಗ ಬಿಡುವುದು ಒಳ್ಳೆಯದು. ‘ಇಷ್ಟು ಗಂಟೆಯಾದರೆ ಎಲ್ಲಿದ್ದರೂ ವಾಪಸ್’ ಎಂಬ ಸಮಯವನ್ನು ಹಿಂದಿನ ರಾತ್ರಿಯೇ ನಿಗದಿ ಮಾಡಿ. ದಣಿದ ದೇಹ, ಆಮ್ಲಜನಕ ಸಾಲದ ಮೆದುಳು, ‘ಇನ್ನೇನು ಸ್ವಲ್ಪ ದೂರ’ ಎನ್ನುವ ಗೆಳೆಯರು ಸೇರಿದಾಗ ಸರಿಯಾದ ತೀರ್ಮಾನ ಹೊಳೆಯುವುದು ಕಷ್ಟ.

ಮೂವರು ಪ್ರಯಾಣ ಹೊರಟರೆ ಒಬ್ಬರನ್ನು ಅಮೀರರನ್ನಾಗಿ ಆರಿಸಿಕೊಳ್ಳಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಬೆಟ್ಟದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಅಲ್ಲಿ ಸ್ಥಳೀಯ ಮಾರ್ಗದರ್ಶಿಯ ಸಲಹೆ ಕೇಳಿ ‘ಹಿಂದಿರುಗೋಣ’ ಎಂದು ಹೇಳುವ ಧೈರ್ಯ ಒಬ್ಬರಿಗಿರಬೇಕು; ವಾದ ಮಾಡದೆ ಒಪ್ಪುವ ಶಿಸ್ತು ಉಳಿದವರಿಗಿರಬೇಕು. ತಂಡದಲ್ಲಿ ಅತಿ ನಿಧಾನ ನಡೆಯುವವರ ವೇಗವೇ ಎಲ್ಲರ ವೇಗವಾಗಲಿ.

ಹೊರಡುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ, ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಆಸ್ತಮಾ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕಾಣದೆ ಹೊರಡಬೇಡಿ. ಮೇಲೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ದಾರಿ, ತಂಗುವ ಜಾಗ, ಮರಳುವ ದಿನ ಇವನ್ನು ಬರೆದು ಮನೆಯಲ್ಲಿ ಕೊಟ್ಟು ಹೋಗಿ. ನಿಮ್ಮ ಸುದ್ದಿ ಬರದಿದ್ದರೆ ಯಾವಾಗ, ಎಲ್ಲಿ ಹುಡುಕಬೇಕೆಂದು ಅಬ್ಬಾ, ಅಮ್ಮನಿಗೆ ಗೊತ್ತಾಗುವುದು ಆ ಒಂದು ಹಾಳೆಯಿಂದ.

ಸರೋವರ ಈ ವರ್ಷ ಕಾಣದಿದ್ದರೆ ಮುಂದಿನ ವರ್ಷ ಅಲ್ಲೇ ಇರುತ್ತದೆ. ನೋಡಲು ನಾವಿರಬೇಕು.